ಬ್ಯಾಟರಿಯ ತಂತಿ ಬಿಚ್ಚಿದವನು

೧೯೫೭ರ ಫೆಬ್ರವರಿ ೧೨, ಬೆಳಿಗ್ಗೆ ಹತ್ತೂಕಾಲು. ಹುಸೇನಬೀ ಶಹಾಪುರ ಠಾಣೆಯ ಕಟ್ಟೆಯ ಮೇಲೆ ಬಂದು ಕುಳಿತಳು. ಅವಳ ಗಂಡ, ಮೋಟಾರ್ ಮಿಸ್ತ್ರಿ ಖಾಜಾಸಾಬ, ಹಿಂದಿನ ದಿನ ಜೀಪಿಗೆ ರೇಡಿಯೋ ಜೋಡಿಸುವಾಗ ಬೆಂಕಿ ಹತ್ತಿ ಸತ್ತಿದ್ದ. ಸಂಜೆಯೇ ಮಣ್ಣು ಮಾಡಿದ್ದರು.

ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಮೂರು ತಿಂಗಳಾಗಿತ್ತು. ಠಾಣೆಯ ಮುದ್ರೆ ಬದಲಾಗಿದ್ದರೂ ಸಬ್ ಇನ್ಸ್‌ಪೆಕ್ಟರ್ ಬಸವಂತ್ರಾಯರನ್ನು ಜನ ನಿಜಾಮನ ಕಾಲದ ‘ಅಮೀನಸಾಬ’ ಎಂಬ ಹೆಸರಿನಿಂದಲೇ ಕರೆಯುತ್ತಿದ್ದರು.

“ಅಮೀನಸಾಬ, ಬ್ಯಾಟರಿ ತಂತಿ ಬಿಚ್ಚೋದು ಮರತು ಸತ್ತ ಅಂತ ಜೀಪಿನ ಸಾವ್ಕಾರ ಬರಸ್ಯಾನಂತಲ್ರಿ. ನನ್ನ ಗಂಡ ಮರಿಯಾಂವಲ್ಲ.”

“ನೀ ಅಲ್ಲಿದ್ದೇನು?”

“ಇಲ್ರಿ.”

“ಮತ್ತ ಹೆಂಗ ಹೇಳ್ತಿ?”

“ತಂತಿ ಬಿಚ್ಚಿದ ಕೂಡ್ಲೆ ಅದರ ಬೋಲ್ಟು ಜೇಬಿಗಿ ಹಾಕ್ಕೊತಿದ್ದ. ಮತ್ತೊಬ್ಬರು ಹಚ್ಚಬಾರದಂತ. ಆ ಭಾರಕ್ಕ ಹರಿದ ಜೇಬು ಎಷ್ಟು ಹೊಲದೀನೋ ದೇವರಿಗೇ ಗೊತ್ತು. ಮರತು ಸತ್ತ ಅಂತ ಮಾತ್ರ ಬರೀಬ್ಯಾಡ್ರಿ.”

ಬಸವಂತ್ರಾಯರು ಹಿಂದಿನ ದಿನದ ಶವ ಪಂಚನಾಮೆ ತೆಗೆದರು. ಮೈಮೇಲೆ ಸಿಕ್ಕ ವಸ್ತುಗಳು: ಅರ್ಧ ಸುಟ್ಟ ಅಂಗಿ, ತಾಯಿತ, ಬೀಡಿ ಕಟ್ಟು, ಜೇಬಿನಲ್ಲಿ ಒಂದು ಬೋಲ್ಟು. ಬರೆದವರೂ ರುಜು ಹಾಕಿದವರೂ ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಬೇರೊಬ್ಬರ ಅಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗ ಖಾಲಿ ಉಳಿಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಜೀಪಿನ ಪಂಚನಾಮೆ. ಮಾಲೀಕ ಭಗವಂತರಾಯ ಕಾಳಿನ ವ್ಯಾಪಾರಿ. ಜೀಪು ಅವನ ಗೋದಾಮಿನ ಅಂಗಳದಲ್ಲೇ ನಿಂತಿತ್ತು.

“ಹಾಡು ಕೇಳಬೇಕಂತ ರೇಡಿಯೋ ಹಾಕಸಾಕ ಹ್ವಾದೆ. ಜೀಪೇ ಹೋತ್ರಿ,” ಎಂದ.

“ಮನಷ್ಯಾನೂ ಹೋಗ್ಯಾನ್ರಿ ಸಾವ್ಕಾರ್ರ,” ಎಂದ ಪೇದೆ ಅಯ್ಯಣ್ಣ.

ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕು. ರೇಡಿಯೋದ ಸುಲಿದ ತಂತಿ ತಗಡಿಗೆ ತಾಗಿ ಕಿಡಿ ಹಾರಿದ್ದು ಅಲ್ಲಿಯೇ. ಬಾನೆಟ್ಟಿನ ಕಡೆಗೆ ಬೆಂಕಿ ಹೋಗಿರಲಿಲ್ಲ. ಅಯ್ಯಣ್ಣ ಅದನ್ನು ಎತ್ತಿದ. ಬ್ಯಾಟರಿಗೆ ತಂತಿ ಕೂಡಿಕೊಂಡೇ ಇತ್ತು, ಆದರೆ ಬೋಲ್ಟು ಇರಲಿಲ್ಲ. ಅದರ ಬದಲು ಕೆಂಪು ನೂಲು ಸುತ್ತಿದ ತೆಳು ತಾಮ್ರದ ತಂತಿಯಿಂದ ಬಿಗಿದು ಕಟ್ಟಿತ್ತು.

ಅದೇ ಕೆಂಪು ತಂತಿಯ ತುಂಡು ಜೀಪಿನ ಒಳಗೂ ಸಿಕ್ಕಿತು. ಅದು ತಿಂಥಣಿಯ ಸಂತ ಮೌನಪ್ಪಯ್ಯನ, ಹೊಗೆ ಹಿಡಿದ ಪಟದ ಮುಂದಿನ ಸಣ್ಣ ಬಲ್ಬಿಗೆ ಹೋಗಿತ್ತು.

“ಈ ದೀಪ ಯಾರದು?” ಬಸವಂತ್ರಾಯರು ಮಾಲೀಕನನ್ನು ಕೇಳಿದರು.

“ಡ್ರೈವರ್ ಮೌನಪ್ಪಂದು. ಹಗಲೂ ಉರಿಸ್ತಾನ. ಬ್ಯಾಟರಿ ತಿಂತದ ಅಂತ ಬೈದ್ರೂ ಕೇಳಂಗಿಲ್ರಿ.”

ಮೂರು ಗಂಟೆಗೆ ಮೌನಪ್ಪ ಠಾಣೆಯಲ್ಲಿ ನಿಂತಿದ್ದ. ಬಸವಂತ್ರಾಯರು ಕೆಂಪು ತಂತಿಯನ್ನು ಮೇಜಿನ ಮೇಲಿಟ್ಟರು.

“ಇದು ಕಟ್ಟಿದಾಂವ ನೀನೇನು?”

“ಹೌದ್ರಿ.”

“ಯಾಕ?”

“ದೀಪ ಆರಿತ್ರಿ.”

ಮೌನಪ್ಪ ತಾನಾಗಿಯೇ ಮುಂದುವರಿಸಿದ. “ಮೂರು ಕೂಸು ಹೋಗ್ಯಾವ್ರಿ. ಈ ಸಲ ನನ್ನ ಹೆಂಡ್ತಿ ಮಲ್ಲಿಕಮ್ಮ ಹಡಿಯೋತನ ದೀಪ ಆರಗೊಡಂಗಿಲ್ಲ ಅಂತ ಹರಕಿ ಹೊತ್ತೀವಿ. ಮನ್ಯಾಗ ಎಣ್ಣಿ ದೀಪ ಅಕಿ ಕಾಯ್ತಾಳ. ಜೀಪಿನಾಗ ಗಾಳಿಗಿ ಎಣ್ಣಿ ದೀಪ ನಿಲ್ಲಂಗಿಲ್ಲ, ಅದಕ್ಕ ಬಲ್ಬು.”

“ಖಾಜಾಸಾಬಗ ಹೇಳಬೇಕಿಲ್ಲೇನು?”

“ಚಾ ಕುಡಿಯಾಕ ಹೋಗಿದ್ದರಿ. ಬಂದ ಮ್ಯಾಲ ಹೇಳಬೇಕಂತಿದ್ದೆ. ಅಷ್ಟ್ರಾಗ ಸಾವ್ಕಾರ್ರು ಚೀಲ ಇಳಸಾಕ ಕರದ್ರು. ಎರಡನೇ ಚೀಲ ಹೊತ್ತಿದ್ದೆ, ಬೆಂಕಿ ಕಾಣಸ್ತು.”

“ನಿನ್ನೆ ಯಾಕ ಬಾಯಿ ಬಿಡಲಿಲ್ಲ?”

“ನಾ ಒಳಗ ಹ್ವಾದ್ರ ಅಕಿ ಹತ್ರ ಯಾರದಾರ್ರಿ?”

ಬೋಲ್ಟು ಜೇಬಿನಲ್ಲಿರುವಾಗ ಖಾಜಾಸಾಬ ಬಾನೆಟ್ಟನ್ನು ಮತ್ತೊಮ್ಮೆ ಎತ್ತಿ ನೋಡಲು ಕಾರಣವೇ ಇರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಮೌನಪ್ಪನನ್ನು ಬಂಧಿಸಿದರು. ಅವನು ಕೈ ಮುಗಿದು ತಾನಾಗಿಯೇ ಒಳಗೆ ನಡೆದ.

ಹುಸೇನಬೀ ಇನ್ನೂ ಕಟ್ಟೆಯ ಮೇಲೇ ಇದ್ದಳು. ಅಯ್ಯಣ್ಣ ಮೌನಪ್ಪನ ಹೇಳಿಕೆಯನ್ನು ಅವಳಿಗೆ ಓದಿದ: “ಮೃತನು ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿದ್ದನು.”

“ಇನ್ನೊಮ್ಮಿ ಓದ್ರಿ.”

ಅವನು ಓದಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಆ ಹೆಣ್ಮಗಳಿಗಿ ಎಷ್ಟು ತಿಂಗಳ್ರಿ?”

“ಏಳು.”

“ಹಿಡದ ಸುದ್ದಿ ಯಾರು ಹೇಳ್ತೀರಿ?”

“ನಾವ. ಅದು ನಮ್ಮ ಕೆಲಸ.”

“ನನಗೂ ಪೊಲೀಸಪ್ಪನೇ ಬಂದು ಹೇಳಿದ್ದ,” ಎಂದಳು. “ಖಾಕಿ ಕಂಡು ಹೊಸ್ತಿಲದ ಮ್ಯಾಲೇ ಬಿದ್ದೆ. ಅಕಿ ಬಸರಿ ಅದಾಳ್ರಿ.”

ಬಸವಂತ್ರಾಯರು ಅಯ್ಯಣ್ಣನ ಕಡೆ ನೋಡಿದರು. ಅಯ್ಯಣ್ಣ ಒಳಗೆ ಹೋಗಿ ಖಾಕಿ ಕಳಚಿ ಬಿಳಿ ಅಂಗಿ ತೊಟ್ಟು ಬಂದ. ಮೌನಪ್ಪನ ಊರಾದ ಶಿರವಾಳದಲ್ಲಿ ಮೊದಲು ಅವನ ನೆರೆಮನೆಯ ಮರಿಲಿಂಗಮ್ಮನನ್ನು ಕರೆದುಕೊಂಡು, ಅವಳನ್ನೇ ಮುಂದೆ ಬಿಟ್ಟು, ಆ ಮನೆಯ ಬಾಗಿಲಿಗೆ ನಡೆದ.