ಮೆತ್ತನೆ ಮಗ್ಗಲಿನ ಕೆಂಪು

ಜಮಖಂಡಿಯ ಕಾಲೇಜು ಮೈದಾನದಲ್ಲಿ ಬಸಗೊಂಡ ಬಿಟ್ಟ ಬಾಣ ಒಂದು ಎಡಕ್ಕೆ ಹೋಯಿತು, ಇನ್ನೊಂದು ಬಲಕ್ಕೆ. ಬಿಲ್ಲುಗಾರರ ಆಯ್ಕೆಗೆ ಮುಂಚಿನ ಅಭ್ಯಾಸ ಅದು. ಅವನು ತನ್ನ ಅಂಗೈ ನೋಡಿಕೊಂಡು ನಕ್ಕ.

"ಅನಸೂ, ನೀ ಹಿಂದ ನಿಂತೀದಿ ಅಂತ ಕೈ ನಡುಗಾಕತ್ತೈತಿ ನೋಡು."

"ಬಾಣಾನ ಸರಿ ಇಲ್ಲೇನೋ ರೀ."

"ನೀ ಗುರುತು ಹಾಕಿದ ಬಾಣ. ಅದಕ್ಕ ಹೆಸರು ಇಡಬ್ಯಾಡ."

ಅನಸವ್ವ ತಲೆ ತಗ್ಗಿಸಿದಳು.

ಬಿದಿರಿನ ಕಡ್ಡಿ ಸುತ್ತಲೂ ಒಂದೇ ಸಮ ಇರುವುದಿಲ್ಲ. ಎರಡೂ ತುದಿಗೆ ಆಸರೆ ಕೊಟ್ಟು ನಡುವೆ ಒತ್ತುತ್ತ ಉರುಳಿಸಿದರೆ ಒಂದು ಮಗ್ಗಲು ಸುಲಭವಾಗಿ ಬಾಗುತ್ತದೆ, ಒಂದು ಒಲ್ಲೆನ್ನುತ್ತದೆ. ಆ ಬಿಗಿ ಮಗ್ಗಲು ಪ್ರತಿ ಬಾಣದಲ್ಲೂ ಬಿಲ್ಲಿನ ಕಡೆಗೇ ಇದ್ದರೆ ಎಲ್ಲವೂ ಒಂದೇ ದಾರಿ ಹಿಡಿಯುತ್ತವೆ. ಬನಹಟ್ಟಿಯ ತನ್ನಪ್ಪನ ಮಗ್ಗದ ಮನೆಯಲ್ಲಿ ನೂಲಿನ ಬಿಗಿ ನೋಡಿ ಪಳಗಿದ ಅವಳ ಹೆಬ್ಬೆರಳಿಗೆ ಅದು ಬೇಗ ಸಿಗುತ್ತಿತ್ತು. ಆ ಬಿಗಿ ಮಗ್ಗಲಿಗೆ ಅವಳು ಸೀರೆಯ ದಡಿಗೆ ಬಳಸುವ ಕೆಂಪು ಬಣ್ಣದ ಗುರುತು ಹಚ್ಚುವಳು. ಅವನು ಅದನ್ನೇ ನಂಬಿ ಗರಿ ಅಂಟಿಸುವನು.

ಆಯ್ಕೆಯಾದರೆ ಅವನಿಗೆ ಪುಣೆಯಲ್ಲಿ ಎರಡು ವರ್ಷ ತರಬೇತಿ. ಈ ಸಲ ಅರ್ಧ ಬಾಣಗಳಲ್ಲಿ ಕೆಂಪು ಗುರುತು ಮೆತ್ತನೆ ಮಗ್ಗಲಿಗೆ ಬಿದ್ದಿತ್ತು. ಬಿದ್ದದ್ದಲ್ಲ, ಅವಳೇ ಹಚ್ಚಿದ್ದಳು.

ಅವನು ಮತ್ತೆ ಅಂಗೈ ಉಜ್ಜಿಕೊಂಡ. ಅವಳಿಗೆ ನೋಡಲಾಗಲಿಲ್ಲ.

"ನಿಮ್ಮ ಕೈ ಛಲೋನ ಐತ್ರಿ. ಗುರುತು ಸುಳ್ಳೈತಿ. ಬೇಕಂತ ಹಾಕೀನಿ."

ಅವನ ಕಣ್ಣಿನ ನಗು ನಿಂತಿತು. "ಹೋಗಬ್ಯಾಡ್ರಿ ಅಂತ ಬಾಯಿಲೆ ಅನ್ನಾಕ ಏನಾಗಿತ್ತು?"

"ಅಂದಿದ್ರ ಉಳೀತಿದ್ರಿ?"

"ಇಲ್ಲ."

"ಅದಕ್ಕ ಅನ್ನಲಿಲ್ಲ."

"ನನ್ನ ಕೈನ ಕೆಟ್ಟೈತಿ ಅಂತ ಸಾಯೂತನಕ ತಿಳ್ಕೊಂಡಿರ್ತಿದ್ದೆ, ಅನಸೂ."



ಮೈಕಿನಲ್ಲಿ ಅವನ ಹೆಸರು ಕೂಗಿದರು. ಅವನು ಬತ್ತಳಿಕೆ ಬಿಚ್ಚಿ ಅವಳ ಕೈಗಿಟ್ಟ.

"ಖರೆ ಇದ್ದದ್ದನ್ನ ನೀನ ಆರಿಸಿ ಕೊಡು. ನಾ ತಿರುಗಿ ನೋಡೂದಿಲ್ಲ."

ಅವಳು ಒಂದೊಂದನ್ನೂ ಒತ್ತಿ, ಹೊರಳಿಸಿ, ಸುಳ್ಳು ಗುರುತಿನವನ್ನು ಬದಿಗಿಟ್ಟಳು. ಒಂದನ್ನು ಕೊಟ್ಟಳು. ಅದು ಗುರಿಯ ನಡುವಿನ ಹಳದಿಗೇ ನಾಟಿತು.

"ಪುಣೆಯಿಂದ ಬಂದ ದಿನಾನ ಬನಹಟ್ಟಿಗೆ ಬರ್ತೀನಿ," ಎಂದ ಅವನು, ಗುರಿಯಿಂದ ಕಣ್ಣು ತೆಗೆಯದೆ. "ನಿಮ್ಮ ಅಪ್ಪಾರಿಗೆ ಹೇಳಿಡು."

"ಸಿಟ್ಟು ಹೋತೇನ್ರಿ?"

"ಇಲ್ಲ. ಅದನ್ನೂ ಕರ್ಕೊಂಡ ಬರ್ತೀನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇನ್ನೊಂದು ಬಾಣವನ್ನು ಒತ್ತಿ ನೋಡಿದಳು. ಗುರುತು ಸರಿಯಾಗಿತ್ತು. ಅದು ಅವನನ್ನು ಇನ್ನಷ್ಟು ದೂರ ಒಯ್ಯುತ್ತದೆ ಎಂದು ಗೊತ್ತಿದ್ದೇ, ಅವನು ಹಿಂದಕ್ಕೆ ಚಾಚಿದ ಕೈಯಲ್ಲಿಟ್ಟಳು.