ಚಂಪವ್ವನ ಪಾಳಿ

ದೆವ್ವ ಅಂದ್ರ ನಗೋ ಮನಿಶಾ ನಾನು. ಹಂಗಾಗಿ ಕಂಡಷ್ಟ ಹೇಳತೇನಿ.

ಹುನ್ನೂರದಾಗ ನಮ್ಮಪ್ಪ ತೋಡಿದ ಬಾವಿ ಇತ್ತು. ಒಂದು ದಿನ ನನ್ನ ಹೊಲಕ್ಕ ನೀರು, ಮರುದಿನ ಅಣ್ಣ ಪಾರೀಸಪ್ಪನ ಪಾಳಿ. ಎತ್ತು ಹೂಡಿ ಕಪಲಿ ಹೊಡದ್ರ ತೊಗಲಿನ ಚೀಲ ತುಂಬಿ ಮ್ಯಾಲ ಬರತಿತ್ತು. ಐವತ್ಮೂರನೇ ಇಸವ್ಯಾಗ ಅಣ್ಣ ತೀರಿಕೊಂಡ. ನಾ ಎತ್ತು ಮಾರಿ ಇಂಜಿನ್ ತಂದೆ, ಕಪಲಿ ಗಾಲಿ ಒಡದು ಒಲಿಗೆ ಹಾಕಿದೆ.

ಅಣ್ಣನ ಹೆಂಡತಿ ಚಂಪವ್ವ ಬಂದು, "ತಮ್ಮಾ, ನಾಳೆ ನಮ್ಮ ಪಾಳಿ," ಅಂದ್ಲು.

"ಪಾಳಿ ಕಪಲಿಗಿತ್ತು, ವೈನಿ. ಇಂಜಿನ್ ನಂದು," ಅಂದೆ.

ಆಕಿ ಮೆಣಸಿನಗಿಡ ಒಣಗಿದವು. ನನ್ನ ಕಬ್ಬು ಆಳೆತ್ತರ ಬೆಳೀತು. ಮುಂದಿನ ಬ್ಯಾಸಿಗ್ಯಾಗ ವೈನೀನೂ ಹೋದ್ಲು, ಮಕ್ಕಳಿಲ್ಲದ್ದಕ್ಕ ಹೊಲ ನನಗ ಬಂತು.

ಆಮ್ಯಾಲ ಒಂದು ಮಟಮಟ ಮಧ್ಯಾಹ್ನ, ಇಂಜಿನ್ ಬಂದ್ ಇದ್ದಾಗ, ಬಾವಿ ಕಡೆ ಕಪಲಿ ಗಾಲಿ ಕಿರ್ರ್ ಅಂತು. ಹೋಗಿ ನೋಡಿದ್ರ ಯಾರೂ ಇಲ್ಲ. ಗಾಳ್ಯಾಗ ಎಣ್ಣಿ ಹಚ್ಚಿದ ತೊಗಲಿನ ವಾಸನಿ. ಇಳಿಜಾರದ ಮ್ಯಾಲ ಎತ್ತಿನ ಗೊರಸಿನ ಹಸಿ ಗುರುತು, ಎಲ್ಲಾವೂ ಬಾವಿಗೆ ಬೆನ್ನು ಮಾಡಿದ್ವು. ಕಪಲಿ ಎತ್ತು ಚೀಲ ಎಳಕೊಂಡು ಇಳಿಜಾರ ಇಳದ ಮ್ಯಾಲ ತಿರುಗಂಗಿಲ್ಲ, ಹಿಂದಹಿಂದಕ ಬಾವಿಗೆ ಬರತಾವ.

ಮೂವತ್ತು ವರ್ಷ ಕಪಲಿಗೆ ಬತ್ತದ ಬಾವಿಯನ್ನ ನನ್ನ ಇಂಜಿನ್ ಎರಡ ವರ್ಷದಾಗ ಹೀರಿತು. ಕಬ್ಬು ಸುಟ್ಟು ಹೋತು. ಇಂಜಿನ್ನೂ ಮಾರಿದೆ. ಈಗ ಬಾವಿ ತಳದಾಗ ಕಲ್ಲು ಬಿಸಿ ಅದಾವ, ನಾನ ಇಳದು ಮುಟ್ಟಿ ಬಂದೇನಿ.

ಆದ್ರ ದಿನ ಬಿಟ್ಟು ದಿನ, ಚಂಪವ್ವನ ಪಾಳಿಗೆ, ಆಕಿ ಮೆಣಸಿನ ಸಾಲು ನೀರು ಹಾಯಿಸಿದಂಗ ಹಸಿ ಇರತಾವ. ಅಲ್ಲೆ ನಾ ಏನ ಬಿತ್ತಿದ್ರೂ ಹುಟ್ಟಂಗಿಲ್ಲ.