ಕಟ್ಟೆಯ ಮೇಲಿನ ಒಂದೇ ಹೆಸರು

ಪುಷ್ಯದ ಹನ್ನೆರಡನೇ ತಾರೀಕು, ಬೆಳಗ್ಗೆ ಎಂಟೂವರೆ. ನೇಪಾಳದ ಪಾಲ್ಪಾ ಜಿಲ್ಲೆಯ ಗುಡ್ಡದ ಠಾಣೆಯ ಅಂಗಳದಲ್ಲಿ ಇನ್ಸ್‌ಪೆಕ್ಟರ್ ಋಷಿರಾಮ ಖತಿವಡಾ ಬಿಸಿಲಿಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಿದ್ದಾಗ, ವಾರ್ಡ್ ಅಧ್ಯಕ್ಷ ತಿಲ್‌ವಿಕ್ರಮ್ ಗಾಹಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅರ್ಧ ಹಾಳೆಯ ದೂರಿತ್ತು. ಬಾಯಲ್ಲಿ ಅದಕ್ಕಿಂತ ಹೆಚ್ಚಿತ್ತು.

"ಸಾಹೇಬ್ರೇ, ಕಟ್ಟೆ ಕಲ್ಲು ಒಡೆದುಹಾಕಿದಾರೆ! ನಾಡಿದ್ದು ಕಠ್ಮಂಡುವಿನಿಂದ ತಂಡ ಬರ್ತಿದೆ, ಇವತ್ತು ಒಡೆದಿದಾರೆ ನೋಡಿ."

"ಯಾವ ಕಲ್ಲು?"

"ಓಂಬೀರನ ಹೆಸರಿಂದು. ಯಾರು ಅಂತಾನೂ ಗೊತ್ತು. ಲಾಲ್‌ಸರಾ. ಬರ್ಕೊಳ್ಳಿ."

"ನೋಡಿದವರು?"

"ನೋಡೋದೇನು ಬಂತು, ಊರಿಗೇ ಗೊತ್ತು."

"ಊರಿಗೇ ಗೊತ್ತಿರೋದನ್ನ ಬರೆಯೋಕೆ ಎಫ್‌ಐಆರ್‌ನಲ್ಲಿ ಜಾಗ ಇಲ್ಲ ಅಧ್ಯಕ್ಷರೇ," ಎಂದು ಖತಿವಡಾ ಆರೋಪಿಯ ಕಾಲಂನಲ್ಲಿ 'ಅಪರಿಚಿತ ವ್ಯಕ್ತಿ' ಎಂದು ಬರೆಸಿದರು. ಅಧ್ಯಕ್ಷರಿಗೆ ಅದು ರುಚಿಸಲಿಲ್ಲ.

ಓಂಬೀರ್ ರಾಣಾ ಮಗರ್ ಎರಡು ವರ್ಷದ ಹಿಂದೆ ಕೊಲ್ಲಿ ದೇಶದಲ್ಲಿ ವಿಶ್ವಕಪ್ಪಿಗೆಂದು ಕಟ್ಟುತ್ತಿದ್ದ ಕ್ರೀಡಾಂಗಣದ ಚಾವಣಿಯಿಂದ ಬಿದ್ದು ಸತ್ತವನು. ಅವನ ಹೆಸರಲ್ಲಿ ವಾರ್ಡಿನವರು ಏರುದಾರಿಯ ಮಧ್ಯೆ ಕಟ್ಟೆ ಕಟ್ಟಿಸಿ, ಅರಳಿಯ ಸಸಿಗೂ ಆಲದ ಸಸಿಗೂ ಪುರೋಹಿತರಿಂದ ಮದುವೆ ಮಾಡಿಸಿದ್ದರು. ಬುಟ್ಟಿ ಹೊತ್ತು ಬಂದವರು ಅಲ್ಲಿ ಹೊರೆ ಇಳಿಸಿ ಉಸಿರು ಬಿಟ್ಟರೆ ಅದರ ಪುಣ್ಯ ಕಲ್ಲಿನಲ್ಲಿ ಹೆಸರಿದ್ದವನಿಗೆ. ಕಲ್ಲಿನಲ್ಲಿದ್ದದ್ದು ಒಂದೇ ಹೆಸರು.

ಅದೇ ಕಂಪನಿಯಿಂದ ಅದೇ ವಾರ್ಡಿಗೆ ಇನ್ನೂ ನಾಲ್ಕು ಪೆಟ್ಟಿಗೆ ಬಂದಿದ್ದವು. ನಾಲ್ಕಕ್ಕೂ ಕಂಪನಿಯ ಕಾಗದ ಒಂದೇ ಮಾತು ಹೇಳಿತ್ತು: ಸಹಜ ಸಾವು, ಹೃದಯ ನಿಂತದ್ದು. ಹೀಗಾಗಿ ಕ್ರೀಡಾಂಗಣಕ್ಕೆ ಸತ್ತವರು ಕಂಪನಿಯ ಪ್ರಕಾರ ಒಬ್ಬ, ರಾಜಧಾನಿಯ ಸಂಘವೊಂದರ ಪ್ರಕಾರ ಐವರು. ಅಧ್ಯಕ್ಷರು ಕಂಪನಿಯ ಪಕ್ಷ, ಯಾಕೆಂದರೆ ಕಲ್ಲು ಚಿಕ್ಕದಿತ್ತು. ಪಾಳಿ ಮುಗಿಸಿ ಮಲಗಿದವನು ಏಳದೇ ಹೋದ ತೇಕ್‌ಬೀರನ ಹೆಂಡತಿ ಲಾಲ್‌ಸರಾ ಮಾತ್ರ ವರ್ಷವಿಡೀ ಹೋರಾಡಿ ವಾರ್ಡಿನವರಿಂದ ಒಂದು ಮಾತು ಪಡೆದಿದ್ದಳು. ಸತ್ತವರನ್ನು ಮತ್ತೆ ಎಣಿಸಲು ಕಠ್ಮಂಡುವಿನಿಂದ ಬರುವ ತಂಡ ಒಪ್ಪಿದರೆ ಗಂಡನ ಹೆಸರನ್ನೂ ಕೆತ್ತಿಸುವುದು.

"ಈಗ ಹೇಗೆ ಕೆತ್ತಿಸ್ತಾಳೋ ನೋಡ್ತೀನಿ," ಎಂದರು ಅಧ್ಯಕ್ಷರು. "ಕೇಸು ಬಿದ್ದವಳ ಗಂಡನ ಹೆಸರನ್ನ ಊರ ಕಟ್ಟೆ ಮೇಲೆ ಹಾಕ್ತಾರಾ?"

ದಾರಿಯಲ್ಲಿ ಕಾನ್‌ಸ್ಟೆಬಲ್ ಸುನ್‌ಕೇಸರಿ ಚೌಧರಿ ಕೇಳಿದಳು. ಅವಳು ತರಾಯಿ ಬಯಲಿನವಳು. ಎರಡು ಸ್ವೆಟರ್ ಹಾಕಿಯೂ ನಡುಗುತ್ತಿದ್ದಳು.

"ಸಾರ್, ಸತ್ತವರೆಲ್ಲರ ಹೃದಯಾನೂ ನಿಂತೇ ಇರುತ್ತಲ್ವಾ?"

"ಇರುತ್ತೆ."

"ಮತ್ತೆ ಕಂಪನಿ ಕಾಗದದಲ್ಲಿ ಹೊಸದೇನಿದೆ?"

"ಮೊಹರಿದೆ," ಎಂದರು ಖತಿವಡಾ.

ಹತ್ತು ಗಂಟೆಗೆ ಪಂಚನಾಮೆ. ಕಲ್ಲಿನಲ್ಲಿ ಹೆಸರಿದ್ದ ಸಾಲನ್ನಷ್ಟೇ ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಲಾಗಿತ್ತು. 'ವಿಶ್ವಕಪ್ ನಿರ್ಮಾಣದಲ್ಲಿ ವೀರಗತಿ' ಎಂಬ ಸಾಲಿಗೆ ಏನೂ ಆಗಿರಲಿಲ್ಲ. ವೀರ ಯಾರೆಂಬುದು ಮಾತ್ರ ಖಾಲಿ. ಸಸಿಗಳನ್ನು ಮುಟ್ಟಿರಲಿಲ್ಲ. ಪೆಟ್ಟುಗಳು ಸಣ್ಣವು, ಲೆಕ್ಕವಿಲ್ಲದಷ್ಟು. ಹೊಡೆದವರಿಗೆ ಸಿಟ್ಟು ಬಹಳ, ಶಕ್ತಿ ಕಡಿಮೆ.

"ಸಾರ್, ಐಸ್‌ಕ್ಯಾಂಡಿ ಕಡ್ಡಿ. ಎರಡಿವೆ."

"ಮಕ್ಕಳು ಬಿಸಾಕಿರ್ತವೆ."

"ಈ ಚಳಿಲಾ? ನಾಲಿಗೆ ಕಿತ್ತು ಬರುತ್ತೆ. ನೋಡಿ, ಹುಲ್ಲಲ್ಲಿ ಹೆಪ್ಪುಗಟ್ಟಿರೋ ಇಬ್ಬನಿ ಮೇಲೆ ಬಿದ್ದಿವೆ. ಇವತ್ತಿಂದೇ."

ಖತಿವಡಾ ಕಡ್ಡಿಗಳನ್ನು ಪೊಟ್ಟಣಕ್ಕೆ ಹಾಕಿಸಿ ಪಂಚರ ಸಹಿ ಪಡೆದರು. ಐಸ್‌ಕ್ಯಾಂಡಿಗೆ ಸಹಿ ಹಾಕಿದ್ದು ಇದೇ ಮೊದಲು ಎಂದು ಪಂಚರಲ್ಲೊಬ್ಬ ನಕ್ಕ.

ಅಷ್ಟರಲ್ಲಿ ಲಾಲ್‌ಸರಾ ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಬಂದಳು. ಬೆವರು ಕಣ್ಣಿಗಿಳಿಯುತ್ತಿತ್ತು. ಕಟ್ಟೆ ಒಂದು ಮೊಳ ದೂರದಲ್ಲಿದ್ದರೂ ಇಳಿಸಲಿಲ್ಲ, ನಿಂತೇ ಮಾತಾಡಿದಳು.

"ಹೊರೆ ಇಳಿಸಮ್ಮ," ಎಂದರು ಖತಿವಡಾ.

"ಇಲ್ಲಿ ಇಳಿಸಲ್ಲ. ಪುಣ್ಯ ಎಲ್ಲ ಅವನೊಬ್ಬನಿಗೇ ಹೋಗುತ್ತೆ. ನಮ್ಮೋನು ಏನು ಪಾಪ ಮಾಡಿದ್ದ?"

"ಈ ಕಲ್ಲು ಸಿಡಿದುಹೋಗಲಿ ಅಂತ ಶಾಪ ಹಾಕಿದ್ದೆಯಂತೆ?"

"ಹಾಕಿದೆ. ದಸೈಂ ಹಬ್ಬದಲ್ಲಿ, ಎಲ್ಲರ ಎದುರಿಗೇ."

"ಹಾಗಾದ್ರೆ?"

"ಮುಟ್ಟಬಾರದು ಅಂತ ಕತ್ತು ಮುರೀತಿದ್ರೂ ಹೊರೆ ಇಳಿಸದೋಳು, ಒಡೆಯೋಕೆ ಮುಟ್ತೀನಾ ಸಾಹೇಬ್ರೇ? ಅದೂ ಅಲ್ಲದೆ, ಕಲ್ಲು ಒಡೆದ್ರೆ ನಮ್ಮೋನ ಹೆಸರು ಎಲ್ಲಿ ಕೆತ್ತಿಸಲಿ, ಅಧ್ಯಕ್ಷರ ಹಣೆ ಮೇಲಾ?"

ಅಧ್ಯಕ್ಷರು ಹಣೆ ಒರೆಸಿಕೊಂಡರು.

ಊರಿನಲ್ಲಿ ಫ್ರಿಜ್ ಇದ್ದದ್ದು ಚಿನಿಮಾಯಾಳ ಅಂಗಡಿಯಲ್ಲಿ ಮಾತ್ರ.

"ಈ ಚಳೀಲಿ ಐಸ್‌ಕ್ಯಾಂಡಿ ಯಾರಕ್ಕ ತಗೋತಾರೆ?" ಸುನ್‌ಕೇಸರಿ ಕೇಳಿದಳು.

"ಝಕ್‌ಬೀರ ಒಬ್ಬನೇ ಕಣಮ್ಮ. ಕಿಡ್ನಿ ಎರಡೂ ಹೋಗಿದೆಯಲ್ಲ, ಡಾಕ್ಟರು ಹೆಚ್ಚು ನೀರು ಕುಡೀಬೇಡ ಅಂದಿದಾರೆ. ಬಾಯಿ ಒಣಗಿದ್ರೆ ಐಸ್ ಚೀಪ್ತಾನೆ ಪಾಪ. ಅವನಿಗೋಸ್ಕರಾನೇ ಫ್ರಿಜ್ ಹಾಕಿಟ್ಟಿದೀನಿ. ಇಲ್ಲಾಂದ್ರೆ ಪುಷ್ಯದಲ್ಲಿ ಊರೇ ಫ್ರಿಜ್ಜು."

"ಯಾವ ಝಕ್‌ಬೀರ?"

"ಓಂಬೀರನ ತಮ್ಮ."

ಸುನ್‌ಕೇಸರಿ ಇನ್ಸ್‌ಪೆಕ್ಟರ ಮುಖ ನೋಡಿದಳು. "ಒಡಹುಟ್ಟಿದೋನಾ ಸಾರ್?"

"ಒಡಹುಟ್ಟಿದವರೇ ಹತ್ತಿರ ಇರ್ತಾರೆ," ಎಂದು ಖತಿವಡಾ ನಡೆದರು.

ಮನೆಯ ಜಗುಲಿಯ ಗೋಡೆಗೆ ಓಂಬೀರನ ದೊಡ್ಡ ಫೋಟೋ, ಹೊಸ ಚೆಂಡುಹೂವಿನ ಹಾರ, ಎದುರಿಗೆ ತಟ್ಟೆಯಲ್ಲಿ ಬಿಸಿ ಅನ್ನ. ಪಕ್ಕದಲ್ಲಿ ಕಟ್ಟು ಹಾಕಿಸಿದ ವಿದೇಶಿ ಪತ್ರಿಕೆಯ ಪುಟ: ಮಗನ ಚಿತ್ರ ಎದೆಗವುಚಿಕೊಂಡ ತಾಯಿ ನಂದಕಲಿ. ಪೊಲೀಸರನ್ನು ಕಂಡು ಆಕೆ ಅಭ್ಯಾಸದಂತೆ ಸೆರಗು ಸರಿಮಾಡಿಕೊಂಡಳು.

"ಓಂಬೀರನ ವಿಷಯಕ್ಕಾ? ಬನ್ನಿ, ಬನ್ನಿ. ಫೋಟೋ ಇಳಿಸಲಾ?"

"ಬೇಡಮ್ಮ. ಕಿರಿಯವನ ಹತ್ತಿರ ಮಾತಾಡಬೇಕು."

"ಅವನ ಹತ್ತಿರ ಏನು?" ಎಂದು ಆಕೆ ನಿಜಕ್ಕೂ ಆಶ್ಚರ್ಯಪಟ್ಟು ಒಲೆಯ ಕಡೆ ಹೋದಳು.

ಝಕ್‌ಬೀರ್ ಜಗುಲಿಯ ತುದಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಮೂವತ್ತು ದಾಟಿರಲಿಲ್ಲ, ಮುಖ ಊದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಖತಿವಡಾ ಪತ್ರಿಕೆಯ ಪುಟ ನೋಡುತ್ತಿರುವುದನ್ನು ಕಂಡು ತಾನೇ ಮಾತು ತೆಗೆದ.

"ಅದರಲ್ಲಿ ನಾನೂ ಇದೀನಿ ಸಾರ್. ಎಡಗಡೆ ಅಂಚಲ್ಲಿ, ಮೊಣಕೈ. ಸ್ವಲ್ಪ ಸರೀರಿ ಅಂದ್ರು. ಸರಿದೆ."

"ಇವತ್ತು ನಸುಕಿನಲ್ಲಿ ಎಲ್ಲಿದ್ದೆ?"

"ಬುಟ್ವಲ್ ಬಸ್ಸಿಗೆ ಹೋಗಿದ್ದೆ. ಡಯಾಲಿಸಿಸ್‌ಗೆ."

"ಡಯಾಲಿಸಿಸ್ ನಾಳೆ ಅಲ್ವಾ? ಚಿನಿಮಾಯಾ ಹೇಳಿದಳು."

ಝಕ್‌ಬೀರ್ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡ.

"ಸುತ್ತಿಗೆ ಎಲ್ಲಿ?"

"ಯಾವ ಸುತ್ತಿಗೆ?"

"ಹೋಗಲಿ ಬಿಡು. ಲಾಲ್‌ಸರಾನ ಕರ್ಕೊಂಡು ಹೋಗ್ತೀವಿ. ಅಧ್ಯಕ್ಷರಿಗೂ ಅದೇ ಬೇಕು. ತೇಕ್‌ಬೀರನ ಹೆಸರು ಇನ್ನು ಆ ಕಟ್ಟೆ ಮೇಲೆ ಬರಲ್ಲ."

ಝಕ್‌ಬೀರ್ ಕಂಬಳಿಯ ಅಂಚು ತಿರುಚಿದ. "ಅಲ್ಲಿ ಕಂಪನಿ ಕ್ಯಾಂಪಲ್ಲಿ ತೇಕಣ್ಣ ನನ್ನ ಮೇಲಿನ ಮಂಚದಲ್ಲಿ ಮಲಗ್ತಿದ್ದ. ಬೆಳಗ್ಗೆ ಎಬ್ಬಿಸೋಕೆ ಹೋದೋನು ನಾನೇ. ಲಾಲ್‌ಸರಾ ಅತ್ತಿಗೇದೇನೂ ತಪ್ಪಿಲ್ಲ ಸಾರ್. ಸುತ್ತಿಗೆ ಸೌದೆ ರಾಶಿ ಕೆಳಗಿದೆ."

ಸುನ್‌ಕೇಸರಿ ಸೌದೆ ಸರಿಸಿ ಸುತ್ತಿಗೆ ತಂದಳು. ಕಲ್ಲಿನ ಪುಡಿ ಇನ್ನೂ ಅಂಟಿಕೊಂಡಿತ್ತು.

"ಯಾಕೆ?"

"ತಂಡ ಬರುತ್ತೆ ಅಂತ ವಾರ್ಡ್ ಆಫೀಸಿಗೆ ಹೋಗಿ ನನ್ನನ್ನೂ ಬರ್ಕೊಳ್ಳಿ ಅಂದೆ. ಮೂರು ವರ್ಷ ಅದೇ ಕಬ್ಬಿಣ ಹೊತ್ತಿದೀನಿ, ಅದೇ ಬಿಸಿಲು, ಕಿಡ್ನಿ ಹೋಗಿದ್ದೂ ಅಲ್ಲೇ. ಗುಮಾಸ್ತ ಅಂದ, ಇದು ಸತ್ತವರ ಪಟ್ಟಿ ಕಣೋ, ನೀನು ಸ್ವಲ್ಪ ಕಾಯ್ಬೇಕು ಅಂತ. ಎಲ್ಲರೂ ನಕ್ರು. ನಾನೂ ನಕ್ಕೆ."

"ಅದಕ್ಕೆ ಅಣ್ಣನ ಹೆಸರು ಒಡೀಬೇಕಾ?"

"ಮನೇಲಿ ಮೊದಲ ತುತ್ತು ಅವನಿಗೆ. ಹೊಸ ಬಟ್ಟೆ ಅವನ ಹೆಸರಲ್ಲಿ ದಾನ. ಅಮ್ಮ ನನಗೆ ನೀರು ಅಳೆದು ಕೊಡೋವಾಗಲೂ ಕಣ್ಣು ಅವನ ಫೋಟೋ ಮೇಲೆ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದು, ಗೊತ್ತು ಸಾರ್. ಬದುಕಿದ್ದಾಗಲೂ ಪಟ್ಟಿದ್ದೆ. ಆಗ ಅವನು ತಿರುಗಿಸಿ ಎರಡು ಬಾರಿಸ್ತಿದ್ದ, ಅಲ್ಲಿಗೆ ಸಮ ಆಗ್ತಿತ್ತು. ಈಗ ಎಷ್ಟು ಪಟ್ಟರೂ ಸಮ ಆಗಲ್ಲ."

ಮಧ್ಯಾಹ್ನ ಎರಡಕ್ಕೆ ಬಂಧನ ದಾಖಲಾಯಿತು. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಬೇಡಿ ಹಾಕುವಂತಿರಲಿಲ್ಲ. ಬಲಗೈಗೊಂದು ಹಾಕಿ, ಇನ್ನೊಂದು ತುದಿಯನ್ನು ಸುನ್‌ಕೇಸರಿ ಕರು ಹಿಡಿದಂತೆ ಹಿಡಿದು ನಡೆದಳು. ಮರುದಿನ ಆರೋಪಿಯನ್ನು ಮೊದಲು ಬುಟ್ವಲ್ ಆಸ್ಪತ್ರೆಗೆ, ಆಮೇಲೆ ನ್ಯಾಯಾಲಯಕ್ಕೆ ಒಯ್ಯುವುದೆಂದು ಖತಿವಡಾ ಬರೆದರು.

ಹೇಳಿಕೆಗೆ ಸಹಿ ಹಾಕಲು ಬಂದ ಲಾಲ್‌ಸರಾ ಅಧ್ಯಕ್ಷರನ್ನು ಠಾಣೆಯಲ್ಲೇ ಹಿಡಿದಳು.

"ಹೇಗೂ ಹೊಸ ಕಲ್ಲು ತರಿಸ್ತೀರಲ್ಲ, ದೊಡ್ಡದು ತರಿಸಿ. ಐದು ಹೆಸರು ಹಿಡಿಸಬೇಕು."

"ಮೊದಲು ತಂಡ ಏನು ಹೇಳುತ್ತೋ ನೋಡೋಣ."

"ತಂಡ ಹೇಳೋದು ಹೇಳಲಿ. ಕಲ್ಲು ದೊಡ್ಡದಿರಲಿ."

ಅಧ್ಯಕ್ಷರು ಇನ್ಸ್‌ಪೆಕ್ಟರ ಕಡೆ ನೋಡಿದರು. ಇನ್ಸ್‌ಪೆಕ್ಟರು ಕಿಟಕಿಯ ಕಡೆ ನೋಡಿದರು. ದೊಡ್ಡದೇ ತರಿಸುವುದೆಂದಾಯಿತು.

ಅಪರಾಧದ ಕಾರಣ ಎಂಬ ಕಡೆ ಖತಿವಡಾ 'ಅಸೂಯೆ' ಎಂದು ಬರೆದು, ಇನ್ನೇನಾದರೂ ಸೇರಿಸಬೇಕೇ ಎಂದು ಯೋಚಿಸುತ್ತಿದ್ದಾಗ ಹೊರಗೆ ಗದ್ದಲವಾಯಿತು. ನಂದಕಲಿ ಗುಡ್ಡ ಇಳಿದು, ಒಬ್ಬಳೇ, ಚಪ್ಪಲಿಯನ್ನೂ ಮರೆತು ಬಂದಿದ್ದಳು. ಯಾರನ್ನೂ ಕೇಳದೆ ಲಾಕಪ್ಪಿನ ಸರಳು ಹಿಡಿದು ಶುರುಮಾಡಿದಳು.

"ಮಾನಗೇಡಿ! ಝಕ್‌ಬೀರಾ! ಮೇಲೆ ನೋಡೋ! ಹುಟ್ಟುವಾಗ ಎರಡು ದಿನ ಸಾಯಿಸ್ದೆ, ಹಾಲು ಬಿಡೋಕೆ ನಾಲ್ಕು ವರ್ಷ ತಗೊಂಡೆ, ಶಾಲೆಗೆ ಅಂತ ಹೋಗಿ ಹೊಳೇಲಿ ಮೀನು ಹಿಡಿದೆ! ಈ ಮೈ ಇಟ್ಕೊಂಡು ಸುತ್ತಿಗೆ ಎತ್ತೀಯಾ? ನಸುಕಲ್ಲಿ ಸ್ವೆಟರ್ ಹಾಕಿದ್ದೆಯೇನೋ? ಹಾಕಿದ್ದೆಯಾ?"

"ಹಾಕಿದ್ದೆ," ಎಂದ ಝಕ್‌ಬೀರ್.

"ಸುಳ್ಳು! ಮೊದಲಿಂದಲೂ ಸುಳ್ಳ ನೀನು!"

ಬೈಗುಳ ಕಾಲು ಗಂಟೆ ದಾಟಿತು. ಅದರಲ್ಲಿ ಹಿರಿಯ ಮಗನ ಹೆಸರು ಒಮ್ಮೆಯೂ ಬರಲಿಲ್ಲ. ಸುನ್‌ಕೇಸರಿ ಎದ್ದಳು.

"ನಿಲ್ಲಿಸಲಾ ಸಾರ್? ಠಾಣೆ ಅನ್ನೋದೂ ನೋಡದೆ ಬೈತಿದಾರೆ."

ಖತಿವಡಾ ಒಳಗೆ ಇಣುಕಿದರು. ಆರೋಪಿ ಗೋಡೆ ಬಿಟ್ಟು ಸರಳಿನ ಹತ್ತಿರ ಸರಿದು, ಒಂದು ಮಾತೂ ತಪ್ಪದಂತೆ ಕೇಳುತ್ತ ಕೂತಿದ್ದ.

"ಕೂತ್ಕೋ," ಎಂದರು ಇನ್ಸ್‌ಪೆಕ್ಟರು. "ಪೂರ್ತಿ ಬೈಸಿಕೊಳ್ಳಲಿ."